ಶುಕ್ರವಾರ ಮಧ್ಯಾಹ್ನದ ಜಾಝ್

ಮಸ್ಕತ್ತಿನಲ್ಲಿ ನನ್ನನ್ನು ಮೊತ್ತಮೊದಲು ಹಾಡುಗಾರ್ತಿ ಎಂದು ಕರೆದವರು ಗೋವಾದ ಒಬ್ಬ ವಯಸ್ಸಾದ ಪಿಯಾನೊ ವಾದಕರು. ಅದು ಎಂಬತ್ತರ ದಶಕದ ಆರಂಭ. ನಾನು ಮದುವೆಯಾಗಿ ಮಂಗಳೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಸ್ಕತ್ತಿನದೇ ಭಾಗವಾದ ರುವಿಯ ಚರ್ಚಿನಲ್ಲಿ, ಅಲ್ಲಿಯ ವಾರದ ರಜೆಯಾದ ಶುಕ್ರವಾರ ಬೆಳಗಿನ ಪೂಜೆ ಮುಗಿದು, ಗಾಯನ ತಂಡದ ನಾವೆಲ್ಲ ಹಾಡಿನ ಪುಸ್ತಕಗಳನ್ನು ಒಟ್ಟುಮಾಡುತ್ತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖ ಕಾಣುವಷ್ಟು ಹೊಳೆಯುವ ಷೂ ಹಾಕಿದ್ದ ಆ ಪಿಯಾನೊ ವಾದಕರು ಬಾಗಿಲ ಬಳಿ ಕಾಯುತ್ತಿದ್ದರು. ನಾನು ಹೊರಗೆ ಬಂದ ಕೂಡಲೇ ಕೊಂಕಣಿಯಲ್ಲಿ ಮಾತು ತೆಗೆದರು.

“ಕೊನೆಯ ಹಾಡಲ್ಲಿ ನೀನು ಎಲ್ಲರಿಗಿಂತ ಸ್ವಲ್ಪ ಹಿಂದೆ ಇದ್ದೆ.”

“ಕ್ಷಮಿಸಿ, ನನಗೆ ಗೊತ್ತಾಗಲಿಲ್ಲ,” ಎಂದೆ.

“ಕ್ಷಮೆ ಎಂತಕ್ಕೆ? ತಪ್ಪಿ ಹಿಂದೆ ಉಳಿದವರು ಗಾಬರಿಯಲ್ಲಿ ಓಡಿ ಬಂದು ಸೇರಿಕೊಳ್ತಾರೆ. ನೀನು ಓಡಲಿಲ್ಲ. ಆರಾಮಾಗಿ ನಡೆದು ಬಂದು ಸರಿಯಾದ ಜಾಗದಲ್ಲಿ ನಿಂತೆ. ಇದನ್ನು ಯಾರು ಕಲಿಸಿದ್ದು?”

“ಅಪ್ಪ. ಬೊಂಬಾಯಿಯ ಹೋಟೆಲುಗಳಲ್ಲಿ ಟ್ರಂಪೆಟ್ ಊದ್ತಾ ಇದ್ದರು.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಹಾಗಾದರೆ ನೀನು ಹಾಡುಗಾರ್ತಿ. ಇಲ್ಲಿ ಪುಸ್ತಕ ಒಟ್ಟುಮಾಡ್ಲಿಕ್ಕೆ ಬೇರೆಯವರಿದ್ದಾರೆ,” ಎಂದರು.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ನಾನು ಚಿಕ್ಕವಳಿದ್ದಾಗ ಅವರು ಬೊಂಬಾಯಿ ಬಿಟ್ಟು ಮಂಗಳೂರಿಗೆ ವಾಪಸು ಬಂದು, ಮದುವೆಗಳಿಗೂ ಶವಯಾತ್ರೆಗಳಿಗೂ ಹೋಗುವ ಬ್ಯಾಂಡಿಗೆ ಸೇರಿಕೊಂಡಿದ್ದರು. ಅಲ್ಲಿ ಬೇಕಾಗಿದ್ದು ಜೋರಾಗಿ ನೇರವಾಗಿ ಊದುವುದು ಮಾತ್ರ. ಅವರ ಒಳಗಿದ್ದ ಇನ್ನೊಂದು ಸಂಗೀತ ಸಂಜೆ ಹೊತ್ತು ಬೆಂದೂರಿನ ನಮ್ಮ ಮನೆಯ ಜಗಲಿಯಲ್ಲಿ ಹೊರಗೆ ಬರುತ್ತಿತ್ತು. ಒಂದು ಸಾಲು ಊದಿ ನನ್ನ ಕಡೆ ನೋಡುತ್ತಿದ್ದರು. ನಾನು ಅದನ್ನೇ ತಿರುಗಿ ಹಾಡಿದರೆ ತಲೆ ಅಲ್ಲಾಡಿಸುತ್ತಿದ್ದರು. “ನಾನು ಹೇಳಿದ್ದನ್ನೇ ವಾಪಸು ಕೊಡಬೇಡ. ಉತ್ತರ ಕೊಡು,” ಎನ್ನುತ್ತಿದ್ದರು. ಜಾಝ್ ಎಂದರೆ ಏನೆಂದು ಯಾರು ಕೇಳಿದರೂ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ. ಹಾಡು ಒಂದೇ, ಆದರೆ ಪ್ರತಿ ಸಲ ಹೊಸದಾಗಿ ಉತ್ತರ ಕೊಡಬೇಕು.

ಪಿಯಾನೊ ವಾದಕರು ಸಮುದ್ರದ ಬದಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸದಲ್ಲಿದ್ದರು. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಅಲ್ಲಿ ಸಂಸಾರಸ್ಥರೇ ಹೆಚ್ಚಾಗಿ ಬರುತ್ತಿದ್ದರು. ಆ ಹೊತ್ತಿನಲ್ಲಿ ಪಿಯಾನೊ ಜೊತೆಗೆ ಸಿಂಹಳದ ಒಬ್ಬರು ಬಾಸ್, ಮನಿಲಾದ ಒಬ್ಬರು ಡ್ರಮ್ಸ್ ನುಡಿಸುತ್ತಿದ್ದರು. ಅವರ ಜೊತೆ ಹಾಡುತ್ತಿದ್ದ ಹೆಂಗಸು ಕೆಲಸ ಬಿಟ್ಟು ಹೋಗಿದ್ದರಿಂದ ಆ ಜಾಗ ಖಾಲಿಯಿತ್ತು. ಒಂದು ಗುರುವಾರ ಮಧ್ಯಾಹ್ನ ಆಫೀಸು ಮುಗಿಸಿಕೊಂಡು ನಾನು ಗಂಡನ ಜೊತೆ ಅಲ್ಲಿಗೆ ಹೋದೆ. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟಿದ್ದ ಆ ಹಾಲ್‌ನಲ್ಲಿ ಹಾಡಿ ತೋರಿಸಿದೆ. ಇಂಗ್ಲಿಷ್ ಮ್ಯಾನೇಜರ್ ಕೈಕಟ್ಟಿ ಕೇಳಿದ. ಹಾಡಿನ ಬಗ್ಗೆ ಅವನದ್ದೇನೂ ತಕರಾರಿರಲಿಲ್ಲ. ಉದ್ದನೆಯ ಗೌನ್ ಹಾಕಿಕೊಂಡು ಬರಬೇಕು ಎಂದ.

“ನನಗೆ ಸೀರೆಯಲ್ಲಿ ಉಸಿರು ಸರಿಯಾಗಿ ಬರ್ತದೆ,” ಎಂದು ನಾನು ಇಂಗ್ಲಿಷಿನಲ್ಲೇ ಹೇಳಿದೆ.

ಮ್ಯಾನೇಜರ್ ಪಿಯಾನೊ ಕಡೆ ತಿರುಗಿದ. ನಮ್ಮ ಮುದುಕರು ಮುಚ್ಚಳದ ಮೇಲಿನ ಧೂಳು ಒರೆಸುತ್ತಾ, “ಉಸಿರಿಲ್ಲದ ಗೌನ್ ಬೇಕಾದರೆ ಪೇಟೆಯಲ್ಲಿ ಸಿಗ್ತದೆ,” ಎಂದರು. ಸೀರೆಯ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಹಾಡಲು ನನ್ನ ಕಫೀಲರ, ಎಂದರೆ ನನಗೆ ಕೆಲಸದ ವೀಸಾ ಕೊಡಿಸಿದ ಮಾಲೀಕರ, ಒಪ್ಪಿಗೆ ಬೇಕಿತ್ತು. ಒಮಾನಿನಲ್ಲಿ ನಮ್ಮ ವೀಸಾ ಯಾರ ಕೈಯಲ್ಲಿದೆಯೋ ಅವರ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವಂತಿರಲಿಲ್ಲ. ನಾನು ರುವಿಯಲ್ಲಿ ನೀರಿನ ಪಂಪು ಆಮದು ಮಾಡುವ ಕಂಪೆನಿಯೊಂದರಲ್ಲಿ ಟೈಪಿಸ್ಟ್. ಮಾಲೀಕರು ಜಂಜಿಬಾರಿನಲ್ಲಿ ಹುಟ್ಟಿ ಬೆಳೆದು, ದೊಡ್ಡವರಾದ ಮೇಲೆ ಒಮಾನಿಗೆ ಬಂದವರು. ಅಗತ್ಯಕ್ಕಿಂತ ಒಂದು ಪದ ಹೆಚ್ಚು ಆಡುವವರಲ್ಲ. ಅವರ ಮೇಜಿನ ಮುಂದೆ ನಿಂತು ವಿಷಯ ಹೇಳಿದೆ.

“ಎಂಥ ಹಾಡು?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟವೆನಿಸಿ, ಅಲ್ಲೇ ನಿಂತು ಮೆಲ್ಲಗೆ ಗುನುಗಿದೆ. ಅವರು ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅವರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿರುವುದು ಕಂಡಿತು. ಅದೂ ಸರಿಯಾದ ಲಯದಲ್ಲಿ.

“ಜಂಜಿಬಾರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಕ್ಲಬ್ ಇತ್ತು,” ಎಂದರು. “ಅಲ್ಲಿಂದ ಇದೇ ತರದ ಸಂಗೀತ ಬರ್ತಿತ್ತು. ನನ್ನ ತಾಯಿ ಕಿಟಕಿ ಹಾಕ್ತಿದ್ದಳು, ಅವಳು ಅತ್ತ ಹೋದ ಮೇಲೆ ನಾನು ತೆಗೀತಿದ್ದೆ.” ಆಮೇಲೆ ಮತ್ತೆ ಮಾಲೀಕರಾಗಿ, “ಶನಿವಾರ ಬೆಳಿಗ್ಗೆ ನಿನ್ನ ಟೈಪಿಂಗಿನಲ್ಲಿ ತಪ್ಪು ಕಂಡರೆ ಖಲಾಸ್,” ಎಂದು ಹೇಳಿ ಒಪ್ಪಿಗೆಗೆ ಸಹಿ ಹಾಕಿದರು. ಟೈಪಿಂಗಿನಲ್ಲಿ ನನಗೆ ಮೊದಲೂ ತಪ್ಪಾಗುತ್ತಿರಲಿಲ್ಲ, ಆಮೇಲೂ ಆಗಲಿಲ್ಲ.

ಮೊದಲ ಶುಕ್ರವಾರ ನಾನು ಉಟ್ಟದ್ದು ಕೆಂಪು ಕಾಂಜೀವರಂ, ಮದುವೆಯ ನಂತರ ಮನೆತುಂಬಿಸುವ ದಿನ ಉಟ್ಟ ಸೀರೆ. ಹಾಲ್ ತುಂಬಿತ್ತು. ಮೊದಲ ಎರಡು ಹಾಡು ಯಾರ ಕಿವಿಗೂ ಬೀಳಲಿಲ್ಲ. ಚಮಚದ ಸದ್ದು, ಮಕ್ಕಳ ಕೂಗು, ಐಸ್ ಸುರಿಯುವ ಸದ್ದು ಎಲ್ಲ ನನ್ನ ಮೇಲಿಂದಲೇ ಹಾದು ಹೋಗುತ್ತಿದ್ದವು. ಜೋರಾಗಿ ಹಾಡಿದೆ. ಅವರೂ ಜೋರಾಗಿ ಮಾತಾಡಿದರು. ಮೂರನೆಯದಕ್ಕೆ ಮುಂಚೆ ಪಿಯಾನೊ ವಾದಕರು ಬಗ್ಗಿ, “ಬಾಗಿಲು ಬಡೀಬೇಡ. ಅವರೇ ತೆಗೀಲಿ,” ಎಂದು ಪಿಸುಗುಟ್ಟಿದರು. ನಾನು ದನಿ ಇಳಿಸಿದೆ. ಮನೆಯಲ್ಲಿ ಯಾರಿಗೋ ಹೇಳಿಕೊಳ್ಳುವಂತೆ ಹಾಡಿದೆ. ಮೊದಲ ಸಾಲಿನ ನಂತರ ಬೇಕೆಂದೇ ತಡಮಾಡಿದೆ, ಎಷ್ಟೆಂದರೆ ಬಾಸ್ ನುಡಿಸುವವರು ತಲೆಯೆತ್ತಿ ನೋಡುವಷ್ಟು. ಆ ಖಾಲಿ ಜಾಗದಲ್ಲಿ ಹತ್ತಿರದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಪಕ್ಕದ ಮೇಜಿನವರೂ ನಿಲ್ಲಿಸಿದರು. ಹಾಡು ಮುಗಿದಾಗ ಮೂಲೆಯ ಮೇಜಿನಲ್ಲಿ ಕೂತಿದ್ದ ಒಬ್ಬ ಒಮಾನಿ ಅಜ್ಜಿ, ಪಕ್ಕದಲ್ಲಿದ್ದ ಮೊಮ್ಮಗಳ ಕೈಯನ್ನೂ ಹಿಡಿದು ಚಪ್ಪಾಳೆ ತಟ್ಟಿಸಿದಳು. ವಾಪಸು ಬರುವಾಗ ಕಾರು ಓಡಿಸುತ್ತಿದ್ದದ್ದು ಗಂಡ. ಮನೆ ಹತ್ತಿರ ಬಂದ ಮೇಲೆ, “ನಾನು ನಿನ್ನ ಗಂಡ ಅಂತ ಆ ವೇಟರಿಗೆ ಹೇಳಿದೆ. ಅವನು ನಂಬಲಿಲ್ಲ,” ಎಂದರು. ಅಷ್ಟು ಸಂತೋಷದ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಎಲ್ಲರಿಗೂ ಸಂತೋಷವಾಯಿತೆಂದಲ್ಲ. ಗಾಯನ ತಂಡ ನಡೆಸುತ್ತಿದ್ದವರು ನಮ್ಮ ಊರಿನವರೇ, ಬ್ಯಾಂಕಿನಲ್ಲಿ ಕೆಲಸ, ಶಿಸ್ತಿನ ಮನುಷ್ಯ. ಒಂದು ದಿನ ಅಭ್ಯಾಸ ಮುಗಿದ ಮೇಲೆ ನನ್ನನ್ನು ನಿಲ್ಲಿಸಿದರು.

“ಕುಡಿಯುವವರ ಎದುರು ಹಾಡುವ ಬಾಯಲ್ಲಿ ಇಲ್ಲಿಯೂ ಹಾಡುದು ಸರಿ ಕಾಣುದಿಲ್ಲ. ಎರಡರಲ್ಲಿ ಒಂದು ನೋಡಿ.”

“ನನಗೆ ಇರುದು ಒಂದೇ ಬಾಯಿ,” ಎಂದೆ. “ಅದರಲ್ಲಿ ಊಟವೂ ಮಾಡ್ತೇನೆ, ಪ್ರಾರ್ಥನೆಯೂ ಮಾಡ್ತೇನೆ.”

“ಹಾಗಾದರೆ ನೀವು ತಂಡದಲ್ಲಿ ಬೇಡ.”

ನಾನು ವಾದಿಸಲಿಲ್ಲ. ಮುಂದಿನ ವಾರದಿಂದ ತಂಡದ ಜೊತೆ ನಿಲ್ಲದೆ ಜನರ ನಡುವೆ ಬೆಂಚಿನಲ್ಲಿ ಕುಳಿತು ಹಾಡಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೆಲವು ಹೆಂಗಸರು ನನ್ನ ಸುತ್ತಲಿನ ಬೆಂಚುಗಳಿಗೆ ಬಂದು ಕೂರತೊಡಗಿದರು. ನಮ್ಮ ಕಡೆಯ ದನಿ ತಂಡದ ದನಿಗಿಂತ ಗಟ್ಟಿಯಾಯಿತು. ಮರುವರ್ಷ ಈಸ್ಟರಿಗೆ ಮುಂಚೆ ಅದೇ ಬ್ಯಾಂಕಿನವರು ನಮ್ಮ ಮನೆಗೆ ಬಂದು, ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ, ಏಳುವಾಗ, “ತಂಡದಲ್ಲಿ ಮೇಲಿನ ಸ್ವರ ಹಾಡ್ಲಿಕ್ಕೆ ಜನ ಕಮ್ಮಿ ಉಂಟು,” ಎಂದರು. ನಾನು ಹೋದೆ. ಹೋಟೆಲಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ನಮ್ಮ ಮನೆಯಿದ್ದದ್ದು ವಾದಿ ಕಬೀರಿನಲ್ಲಿ. ಗಂಡ ಅಲ್ಲೇ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಸೂಪರ್‌ವೈಸರ್. ಫ್ಲ್ಯಾಟಿನ ಹಿಂಬದಿಗೆ ಜಜ್ಜಿಹೋದ ಕಾರುಗಳ ತಗಡು ಬಡಿಯುವ ಅಂಗಡಿಗಳ ಸಾಲು. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಎ.ಸಿ. ಹಾಕಿದರೂ ಸುತ್ತಿಗೆಯ ಸದ್ದು ಒಳಗೆ ಬರುತ್ತಿತ್ತು. ಅದರ ನಡುವೆಯೇ ನಾನು ಅಭ್ಯಾಸ ಮಾಡಿದೆ. ಆ ಸುತ್ತಿಗೆಗಳ ಎದುರು ತಾಳ ತಪ್ಪದೆ ಹಾಡಿದವಳಿಗೆ ಹೋಟೆಲಿನ ಗದ್ದಲ ಏನೂ ಅಲ್ಲ. ವರ್ಷಗಳು ಕಳೆದ ಹಾಗೆ ಶುಕ್ರವಾರದ ಮೇಜುಗಳನ್ನು ಜನ ಮುಂಚಿತವಾಗಿ ಕಾದಿರಿಸತೊಡಗಿದರು. ಎಂಬೆಸಿಯವರು, ತೈಲ ಕಂಪೆನಿಯವರು, ಒಮಾನಿ ಕುಟುಂಬಗಳು, ನಮ್ಮ ಕಡೆಯವರೂ. “ಸೀರೆಯ ಹಾಡುಗಾರ್ತಿ ಇದ್ದಾಳಾ?” ಎಂದು ಫೋನಿನಲ್ಲಿ ಕೇಳುತ್ತಾರೆ ಎಂದು ಅದೇ ಇಂಗ್ಲಿಷ್ ಮ್ಯಾನೇಜರ್ ಬಂದು ಹೇಳಿದ. ಗೌನಿನ ಮಾತನ್ನು ಅವನಿಗೆ ನೆನಪಿಸಬೇಕೆನಿಸಿತು. ನೆನಪಿಸಿದೆ. ಅವನು ನಕ್ಕ.

ಕಲಿಸುವ ಕೆಲಸ ನಾನು ಹುಡುಕಿಕೊಂಡು ಹೋದದ್ದಲ್ಲ. ಎಂಬತ್ತರ ದಶಕದ ಕೊನೆಗೆ ನಮ್ಮ ಕಟ್ಟಡದ ಮಕ್ಕಳು ಮಂಗಳವಾರ ಸಂಜೆ ನಮ್ಮ ಮನೆಗೆ ಬರತೊಡಗಿದ್ದರು. ಕೊಂಕಣಿ, ತುಳು, ಮಲಯಾಳ, ಎಲ್ಲ ಮನೆಗಳವರು. ಸೋಫಾ ಗೋಡೆಗೆ ತಳ್ಳಿ, ಜಮಖಾನದ ಮೇಲೆ ಅವರನ್ನು ನಡೆಸುತ್ತಿದ್ದೆ. ಕಾಲು ಒಂದು ತಾಳಕ್ಕೆ, ಬಾಯಿ ಅದಕ್ಕಿಂತ ಸ್ವಲ್ಪ ಹಿಂದೆ. ಮಕ್ಕಳು ಒಬ್ಬರ ಮೇಲೊಬ್ಬರು ಡಿಕ್ಕಿ ಹೊಡೆದು ನಗುತ್ತಿದ್ದರು. ಕೆಳಗಿನ ಮನೆಯವರು ಬಂದು ದೂರು ಕೊಟ್ಟರು. ಅವರ ಮಗನನ್ನೂ ಸೇರಿಸಿಕೊಂಡೆ; ದೂರು ನಿಂತಿತು.

ಹೀಗಿರುವಾಗ ಒಂದು ಸಂಜೆ ಉಡುಪಿ ಕಡೆಯ ಗಂಡಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಗಂಡ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಹುಡುಗಿಗೆ ಹತ್ತು ವರ್ಷವಿರಬೇಕು. ತಾಯಿಯ ಸೆರಗಿನ ಹಿಂದೆ ನಿಂತು ನನ್ನ ರೇಡಿಯೊ ಕಡೆ ನೋಡುತ್ತಿದ್ದಳು.

“ಇವಳಿಗೆ ಹಾಡುದಂದ್ರೆ ಜೀವ,” ಎಂದರು ತಾಯಿ. “ಆದ್ರೆ ಎಂತ ಮಾಡುದು ಮಾರಾಯ್ರೆ, ಸ್ವರ ನೋಡಿದ್ರೆ ಗಂಡಸರ ಹಾಗೆ. ಶಾಲೆಯ ಹಾಡಿನಲ್ಲಿ ಟೀಚರು ಹಿಂದೆ ನಿಲ್ಲಿಸಿ, ಬರೇ ತುಟಿ ಆಡ್ಸು ಅಂತ ಹೇಳಿದ್ದಾರಂತೆ. ಮನೆಗೆ ಬಂದು ಊಟ ಬಿಟ್ಟು ಕೂತಿದ್ಲು.”

“ಏನಾದರೂ ಹಾಡ್ತೀಯಾ?” ಎಂದು ಹುಡುಗಿಯನ್ನು ಕೇಳಿದೆ.

“ಐ ಡೋಂಟ್ ಸಿಂಗ್, ಆಂಟಿ,” ಎಂದಳು.

ಆ ಒಂದು ಮಾತಿನಲ್ಲೇ ನನಗೆ ಬೇಕಾದದ್ದು ಕೇಳಿಸಿತ್ತು. ದನಿ ಕೆಳಗಿತ್ತು, ಅಗಲವಾಗಿತ್ತು. ಹಾಡು ಬೇಡ, ಬರೇ ಮಾತಾಡು ಎಂದೆ. ಶಾಲೆಗೆ ಹೋಗುವ ಬಸ್ಸಿನ ಬಗ್ಗೆ ಹೇಳು ಎಂದೆ. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಅವಳ ಮಾತಿನ ಸ್ವರ ಹಿಡಿದು ಹಾರ್ಮೋನಿಯಂನಲ್ಲಿ ಮೆಲ್ಲಗೆ ಜೊತೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಬಸ್ಸಿನ ಕಥೆ ತಾನಾಗಿಯೇ ಹಾಡಾಯಿತು. ಅವಳಿಗೆ ಅದು ಗೊತ್ತಾದದ್ದು ತಡವಾಗಿ. ಗೊತ್ತಾದಾಗ ನಿಲ್ಲಿಸಿ, ತಾಯಿಯ ಕಡೆ ತಿರುಗಿದಳು.

“ಇವಳ ಸ್ವರದಲ್ಲಿ ಎಂತ ತೊಂದರೆಯೂ ಇಲ್ಲ,” ಎಂದೆ ನಾನು. “ಶಾಲೆಯವರು ಹಾಡನ್ನು ಮೇಲಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಸ್ವಲ್ಪ ಕೆಳಗೆ ಇಟ್ಟರೆ ಸಾಕು.”

ತಂದೆ ಎದ್ದು ನಿಂತರು. “ಹಾಗಾದ್ರೆ ಮಂಗಳವಾರ ಕರ್ಕೊಂಡು ಬರ್ತೇನೆ. ನನ್ನ ಶಿಫ್ಟ್ ನಾನು ಬದಲಿಸಿಕೊಳ್ತೇನೆ,” ಎಂದರು. ಆ ಮೇಲೆ ಒಂದು ಮಂಗಳವಾರವನ್ನೂ ಅವರು ತಪ್ಪಿಸಲಿಲ್ಲ.

ಕ್ಯಾಸೆಟ್ ಮಾಡುವ ಯೋಚನೆ ಪಿಯಾನೊ ವಾದಕರದ್ದು. ತೊಂಬತ್ತರ ದಶಕ ಶುರುವಾಗಿತ್ತು. “ನಾವು ಸತ್ತ ಮೇಲೆ ಈ ಶುಕ್ರವಾರಗಳನ್ನು ಯಾರು ನಂಬ್ತಾರೆ?” ಎಂದು ಕೇಳಿದರು. ಅವರು ಪರದೇಶದ ಹಾಡುಗಳನ್ನೇ ರೆಕಾರ್ಡ್ ಮಾಡುವ ಎಂದರು. ನಾನು ಬೇಡವೆಂದೆ. ಅಂಥ ಹಾಡುಗಳಿಗೆ ಲೋಕದಲ್ಲಿ ಹಾಡುಗಾರ್ತಿಯರು ಬೇಕಾದಷ್ಟಿದ್ದರು. ಅಪ್ಪ ಜಗಲಿಯಲ್ಲಿ ಊದುತ್ತಿದ್ದ ಒಂದು ಸ್ವಂತ ಧಾಟಿ ನನ್ನ ತಲೆಯಲ್ಲಿತ್ತು, ಅದಕ್ಕೆ ಮಾತಿರಲಿಲ್ಲ. ಅದಕ್ಕೆ ನಾನು ಕನ್ನಡದಲ್ಲಿ ಮಾತು ಹಾಕಿದೆ. ಕ್ಯಾಸೆಟ್ಟಿನ ಉಳಿದ ಹಾಡುಗಳಿಗೆ ಕೊಂಕಣಿಯಲ್ಲಿ. ಕನ್ನಡ ಯಾಕೆಂದರೆ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಜೊತೆಗೆ ಹಾಡುತ್ತಾ ಹಾಡುತ್ತಾ ಒಂದು ಸಂಗತಿ ಗೊತ್ತಾಯಿತು. ಇಂಗ್ಲಿಷಿನ ಎಷ್ಟೋ ಪದಗಳು ತುಟಿಯಲ್ಲೋ ಹಲ್ಲಿನಲ್ಲೋ ಮುಚ್ಚಿಕೊಂಡು ಮುಗಿಯುತ್ತವೆ. ಕನ್ನಡದ ಹೆಚ್ಚಿನ ಪದಗಳು ಬಾಯಿ ತೆರೆದೇ ಮುಗಿಯುತ್ತವೆ. ಎಷ್ಟು ಬೇಕಾದರೂ ಎಳೆಯಬಹುದು, ಬಗ್ಗಿಸಬಹುದು. ಜಾಝಿಗೆ ಇದಕ್ಕಿಂತ ಒಳ್ಳೆಯ ಭಾಷೆ ಬೇಕಾ?

ಅಪ್ಪನ ಧಾಟಿಗೆ ನಾನು ಬರೆದದ್ದು ವಾದಿ ಕಬೀರಿನಲ್ಲಿ ನಿಂತು ಟ್ಯಾಕ್ಸಿಗೆ ಕಾಯುವ ಹೆಂಗಸಿನ ಹಾಡು. “ತಡವಾಯಿತು ತಡವಾಯಿತು ಎನ್ನುವಿರೇಕೆ, ಬಂದೆನಲ್ಲ” ಎಂದು ಶುರುವಾಗುತ್ತಿತ್ತು. ಪಿಯಾನೊ ವಾದಕರಿಗೆ ಕನ್ನಡ ಬಾರದು. ಅರ್ಥ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ರೆಕಾರ್ಡಿಂಗ್ ಮಾಡಿದ್ದು ಬೇಸಿಗೆ ರಜೆಯಲ್ಲಿ, ಒಂದು ಶಾಲೆಯ ಸಂಗೀತ ಕೋಣೆಯಲ್ಲಿ. ಕಿಟಕಿಗಳಿಗೆ ಕಂಬಳಿ ಕಟ್ಟಿದ್ದೆವು. ಎ.ಸಿ. ಗುಂಯ್ ಎನ್ನುವುದು ಮೈಕಿನಲ್ಲಿ ಕೇಳುತ್ತಿದ್ದರಿಂದ ಅದನ್ನು ಆರಿಸಬೇಕಾಯಿತು. ಮಸ್ಕತ್ತಿನ ಜೂನ್ ತಿಂಗಳು ಎಂದರೆ ಗೊತ್ತಿರುವವರಿಗೆ ಗೊತ್ತು. ಬಾಸ್ ನುಡಿಸುವವರ ಬೆರಳು ತಂತಿಯ ಮೇಲೆ ಜಾರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಟವೆಲ್. ಹಾಡು ಮುಗಿದ ಕೂಡಲೇ ಗಂಡ ಓಡಿ ಹೋಗಿ ಎ.ಸಿ. ಹಾಕುತ್ತಿದ್ದರು, ನಾವೆಲ್ಲ ಅದರ ಬಾಯಿಗೆ ಮುಖ ಕೊಟ್ಟು ನಿಲ್ಲುತ್ತಿದ್ದೆವು. ಅಪ್ಪನ ಧಾಟಿಯ ಹಾಡು ಅತ್ಯಂತ ಚೆನ್ನಾಗಿ ಬರುತ್ತಿದ್ದ ಹೊತ್ತಿನಲ್ಲಿ ಹತ್ತಿರದ ಮಸೀದಿಯಿಂದ ಬಾಂಗ್ ಕೇಳಿಸಿತು. ನಿಲ್ಲಿಸಿದೆವು. ಡ್ರಮ್ಸ್ ನುಡಿಸುವವರಿಗೆ ಅಳುವೇ ಬಂತು, “ಇನ್ನು ಹಾಗೆ ಬರುವುದಿಲ್ಲ,” ಎಂದರು. ಬಾಂಗ್ ಮುಗಿಯುವವರೆಗೆ ಸುಮ್ಮನೆ ಕೂತೆವು. ನೀರು ಕುಡಿದು ಮತ್ತೆ ಶುರುಮಾಡಿದಾಗ ಯಾರಿಗೂ ಅವಸರವಿರಲಿಲ್ಲ. ಕ್ಯಾಸೆಟ್ಟಿನಲ್ಲಿರುವುದು ಆ ಎರಡನೆಯದು. ಅದು ಮೊದಲಿನದಕ್ಕಿಂತ ಒಳ್ಳೆಯದಿದೆ.

ರುವಿಯ ಅಂಗಡಿಗಳಲ್ಲಿ ಕೆಂಪು ಸೀರೆಯ ನನ್ನ ಫೋಟೊ ಇರುವ ಕ್ಯಾಸೆಟ್ ಗಾಜಿನ ಹಿಂದೆ ನಿಂತಿತು. ಅದನ್ನು ನೋಡಲೆಂದೇ ನಾನು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ, ಅದರಲ್ಲಿ ಮುಚ್ಚಿಡುವುದೇನಿದೆ? ಒಂದು ಸಂಜೆ ಗಂಡನ ಕಾರು ಕೆಟ್ಟು ಟ್ಯಾಕ್ಸಿ ಹತ್ತಿದೆವು. ಒಮಾನಿ ಡ್ರೈವರ್ ಹಾಕಿದ್ದ ಟೇಪಿನಲ್ಲಿ ನನ್ನ ದನಿ ಬರುತ್ತಿತ್ತು.

“ಯಾರ ಹಾಡು ಇದು?” ಎಂದು ಗಂಡ ಹಿಂದಿಯಲ್ಲಿ ಕೇಳಿದರು.

“ಹಿಂದೂಸ್ತಾನದವಳು. ಏನು ಹೇಳುತ್ತಾಳೋ ಗೊತ್ತಿಲ್ಲ. ಜೇನ್, ವಾಜಿದ್ ಜೇನ್,” ಎಂದ. ಚೆನ್ನಾಗಿದೆ, ತುಂಬ ಚೆನ್ನಾಗಿದೆ ಎಂದರ್ಥ.

“ಅವಳು ನಿನ್ನ ಹಿಂದಿನ ಸೀಟಲ್ಲಿದ್ದಾಳೆ.”

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಂಬಲಿಲ್ಲ. “ಯಲ್ಲಾ, ಹಾಗಾದರೆ ಹಾಡು,” ಎಂದ. ನಾನು ಟೇಪಿನ ಜೊತೆ ಹಾಡಿದೆ, ಆದರೆ ಟೇಪಿನಲ್ಲಿದ್ದ ಹಾಗಲ್ಲ. ಅದಕ್ಕೆ ಉತ್ತರ ಕೊಡುತ್ತಾ. ಅವನು ಕಾರನ್ನು ಬದಿಗೆ ನಿಲ್ಲಿಸಿ ಪೂರ್ತಿ ಕೇಳಿದ.

ಊರಿಗೆ ಹೊರಟಿದ್ದ ನೆರೆಯವರ ಕೈಯಲ್ಲಿ ಅಪ್ಪನಿಗೊಂದು ಕ್ಯಾಸೆಟ್ ಕಳಿಸಿದೆ. ಆಗ ಗಲ್ಫಿನ ಮನೆಗಳಲ್ಲಿ ಮಾತನ್ನು ಟೇಪು ಮಾಡಿ ಕಳಿಸುವ ರೂಢಿಯಿತ್ತು. ಅವರು ತಿರುಗಿ ಬರುವಾಗ ಅಪ್ಪ ಕೊಟ್ಟ ಟೇಪು ತಂದರು. ಮಾತಿರಬೇಕು ಎಂದುಕೊಂಡು ಹಾಕಿದೆ. ಮೊದಲು ಅಡುಗೆಮನೆಯ ಸದ್ದು ಕೇಳಿತು, ಕುಕ್ಕರ್ ಕೂಗಿತು. ಆಮೇಲೆ ದೂರದಲ್ಲಿ ನನ್ನದೇ ಹಾಡು ಶುರುವಾಯಿತು. ಅಪ್ಪ ಒಂದು ಟೇಪ್ ರೆಕಾರ್ಡರಿನಲ್ಲಿ ನನ್ನ ಕ್ಯಾಸೆಟ್ ಹಾಕಿ, ಇನ್ನೊಂದರಲ್ಲಿ ರೆಕಾರ್ಡ್ ಒತ್ತಿದ್ದರು. ನನ್ನ ಮೊದಲ ಸಾಲು ಮುಗಿದ ಜಾಗದಲ್ಲಿ ಟ್ರಂಪೆಟ್ ಬಂತು. ಹಲ್ಲು ಹೋಗಿ ಊದುವುದನ್ನು ಬಿಟ್ಟಿದ್ದರು ಎಂದು ನಾನು ತಿಳಿದಿದ್ದೆ. ದನಿ ನಡುಗುತ್ತಿತ್ತು, ಗಾಳಿ ಸೋರುತ್ತಿತ್ತು. ಆದರೆ ತಾಳ ಎಲ್ಲೂ ಅಲುಗಲಿಲ್ಲ. ನಾನು ತಡಮಾಡಿದ ಕಡೆಯಲ್ಲೆಲ್ಲ ಅವರು ನನಗಿಂತ ಇನ್ನೂ ತಡಮಾಡಿ ಬಂದರು. ಹಾಡು ಮುಗಿದ ಮೇಲೆ ಸ್ವಲ್ಪ ಕೆಮ್ಮಿ, “ನಡುವಿನಲ್ಲಿ ಒಂದು ಕಡೆ ಅವಸರ ಮಾಡಿದ್ದೀ. ಉಳಿದದ್ದು ಸರಿಯುಂಟು,” ಎಂದು ಹೇಳಿ ನಿಲ್ಲಿಸಿದ್ದರು. ಅಪ್ಪನ ಬಾಯಲ್ಲಿ ಸರಿಯುಂಟು ಎಂಬ ಮಾತು ನಾನು ಅದಕ್ಕಿಂತ ಮುಂಚೆ ಕೇಳಿದ ನೆನಪಿಲ್ಲ. ಗಂಡ ಪಕ್ಕದ ಕೋಣೆಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ.

ತೊಂಬತ್ತರ ದಶಕದ ನಡುವಿಗೆ ಹೋಟೆಲಿನಲ್ಲಿ ಹೊಸ ಮ್ಯಾನೇಜರ್ ಬಂದ. ಗುಂಡಿ ಒತ್ತಿದರೆ ಡ್ರಮ್ಸೂ ಬಾಸೂ ತಾವಾಗಿ ಬಾರಿಸಿಕೊಳ್ಳುವ ಕೀಬೋರ್ಡೂ ಅದರ ಜೊತೆ ಒಬ್ಬ ಹುಡುಗನೂ ಬಂದರು. ನಮಗೆ ಕೇಕ್ ಕತ್ತರಿಸಿ ಬೀಳ್ಕೊಟ್ಟರು. ಪಿಯಾನೊ ವಾದಕರು ಗೋವಾಕ್ಕೆ ಹಿಂತಿರುಗಲು ನಿರ್ಧರಿಸಿದರು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಕೇಕ್ ತಿಂದು ಮುಗಿಯುವಂಥ ಸಂಗತಿ ಅದಲ್ಲ ಎಂದು ನನಗೆ ಅನಿಸಿತು.

“ನೀವು ಹೋಗುವ ಮುಂಚೆ ಒಂದು ಕಛೇರಿ ಮಾಡುವ,” ಎಂದೆ ಅವರಿಗೆ. “ಊಟವಿಲ್ಲ, ಚಮಚವಿಲ್ಲ. ಬರೇ ಹಾಡು.”

“ಊಟವಿಲ್ಲದೆ ಯಾರು ಬರ್ತಾರೆ?”

“ನೋಡುವ.”

ಶಾಲೆಯ ಸಭಾಂಗಣ ಸಿಕ್ಕಿತು. ಶುಕ್ರವಾರ ಸಂಜೆ ಐದಕ್ಕೆ. ಉಡುಪಿಯ ತಂದೆ ತಮ್ಮ ಕಾರ್ಖಾನೆಯ ಬಸ್ಸು ಕೇಳಿ ಪಡೆದು, ರುಸೈಲ್‌ನಿಂದ ತಮ್ಮ ಜೊತೆ ಕೆಲಸ ಮಾಡುವವರನ್ನೆಲ್ಲ ತುಂಬಿಸಿಕೊಂಡು ಬಂದರು. ಅವರಲ್ಲಿ ಹೆಚ್ಚಿನವರು ಜಾಝ್ ಎಂಬ ಪದವನ್ನೇ ಕೇಳಿರಲಿಲ್ಲ. ಚರ್ಚಿನವರು ಬಂದರು, ಬ್ಯಾಂಕಿನವರು ಬಾಗಿಲಲ್ಲಿ ನಿಂತು ಜನರಿಗೆ ಜಾಗ ತೋರಿಸಿದರು. ನನ್ನ ಮಾಲೀಕರು ಹೆಂಡತಿ ಮಕ್ಕಳೊಂದಿಗೆ ಮುಂದಿನ ಸಾಲಿನಲ್ಲಿ ಕೂತರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು.

ಮೊದಲ ಅರ್ಧ ನಾನು ಹಾಡಿದೆ. ಆ ದಿನ ಹಾಡಿದಷ್ಟು ಚೆನ್ನಾಗಿ ನಾನು ಅದಕ್ಕೆ ಮುಂಚೆ ಹಾಡಿರಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಎರಡನೇ ಅರ್ಧ ನನ್ನ ಶಿಷ್ಯರದ್ದು. ಉಡುಪಿಯ ಹುಡುಗಿ ಆಗ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಳು. ಅಪ್ಪನ ಧಾಟಿಯ ಕನ್ನಡ ಹಾಡನ್ನು ಅವಳಿಗೆ ಕೊಟ್ಟಿದ್ದೆ. ಅವಳು ಮೈಕಿನ ಮುಂದೆ ನಿಂತು, ಪಿಯಾನೊ ಕಡೆ ನೋಡಿ, ಬೆರಳಿನಿಂದ ತಾಳ ತೋರಿಸಿದಳು. ನಾನು ಕಲಿಸಿದ ತಾಳಕ್ಕಿಂತ ಅದು ಬಹಳ ನಿಧಾನವಾಗಿತ್ತು. ಪಿಯಾನೊ ವಾದಕರು ಹುಬ್ಬೇರಿಸಿ, ಪರದೆಯ ಬದಿಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಇವಳು ಹೇಳಿದ ಹಾಗೆಯೇ ನುಡಿಸಿ ಎಂದು ಸನ್ನೆ ಮಾಡಿದೆ.

ನನ್ನ ಹಾಡಿನಲ್ಲಿ ಆ ಹೆಂಗಸು ತಡವಾಗಿ ಬಂದು ತಮಾಷೆ ಮಾಡುತ್ತಿದ್ದಳು. ಈ ಹುಡುಗಿಯ ಹಾಡಿನಲ್ಲಿ ಅವಳು ಎಲ್ಲಿಂದಲೋ ಬಹಳ ದೂರ ನಡೆದು ಬಂದಿದ್ದಳು. “ಬಂದೆನಲ್ಲ” ಎಂಬಲ್ಲಿ ಆ ಆಳದ ದನಿ ಕೆಳಕೆಳಗೆ ಇಳಿದು, ನಾವೆಲ್ಲ ಇನ್ನು ಮುಗಿಯಿತು ಎಂದುಕೊಂಡ ಜಾಗದಲ್ಲಿ ಇನ್ನೊಂದು ಮೆಟ್ಟಿಲು ಇಳಿದು ನಿಂತಿತು. ರುಸೈಲ್‌ನಿಂದ ಬಂದ ಗಂಡಸರು, ಊರು ಬಿಟ್ಟು ವರ್ಷಗಟ್ಟಲೆ ಆದವರು, ಅಲುಗಾಡದೆ ಕೂತಿದ್ದರು. ನನ್ನ ಪಕ್ಕ ನಿಂತಿದ್ದ ಅವಳ ತಾಯಿ ನನ್ನ ತೋಳು ಹಿಡಿದುಕೊಂಡು, “ಇದು ನಮ್ಮ ಹುಡುಗಿಯಾ?” ಎಂದು ಮೆಲ್ಲಗೆ ಕೇಳಿದರು.

“ನಿಮ್ಮದೇ. ನನ್ನದೂ,” ಎಂದೆ.

ಹೊರಗೆ ಬಂದ ಮೇಲೆ ನಾನು ಹುಡುಗಿಯನ್ನು, “ತಾಳ ಯಾಕೆ ಬದಲಿಸಿದೆ?” ಎಂದು ಕೇಳಿದೆ.

“ನಿಮ್ಮ ಹಾಗೆ ಹಾಡಿದ್ರೆ ನಿಮ್ಮ ಹಾಡಾಗ್ತದಲ್ವಾ ಆಂಟಿ,” ಎಂದಳು, ಕನ್ನಡದಲ್ಲಿ.

ಪಿಯಾನೊ ವಾದಕರು ಮುಂದಿನ ತಿಂಗಳು ಹೊರಟರು. ಸೀಬ್ ವಿಮಾನ ನಿಲ್ದಾಣದಲ್ಲಿ ಅವರನ್ನು ಕಳಿಸಿಕೊಡುವಾಗ ನಾನು ಅತ್ತೆ. ಅವರು ಷೂ ಒರೆಸುತ್ತಾ ನಿಂತಿದ್ದರು. ಗೋವಾದಲ್ಲಿ ಅವರು ಮನೆಯ ಪಿಯಾನೊ ಸರಿಮಾಡಿಸಿ ಕೇರಿಯ ಮಕ್ಕಳಿಗೆ ಕಲಿಸತೊಡಗಿದರೆಂದು ಆಮೇಲೆ ತಿಳಿಯಿತು. ನಾನು ಅದೇ ಸಭಾಂಗಣವಿದ್ದ ಶಾಲೆಯಲ್ಲಿ ಸಂಗೀತದ ಟೀಚರಾಗಿ ಸೇರಿದೆ, ಟೈಪ್‌ರೈಟರಿಗೆ ಕವರು ಹಾಕಿ ಬಂದೆ. ಉಡುಪಿಯ ಹುಡುಗಿ ಕಾಲೇಜಿಗೆಂದು ಮಂಗಳೂರಿಗೆ ಹೋದಳು. ಅಲ್ಲಿಯೂ ಒಂದು ಸಣ್ಣ ತಂಡ ಕಟ್ಟಿ, ರಜೆಗೆ ಬಂದಾಗಲೆಲ್ಲ ಹೊಸ ಹಾಡು ತರುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕುರುಮ್ ಕಡೆ ಒಂದು ಹೊಸ ಹೋಟೆಲಿನವರು ನನ್ನನ್ನು ಹುಡುಕಿಕೊಂಡು ಬಂದರು. ಶುಕ್ರವಾರ ಮಧ್ಯಾಹ್ನ ಮತ್ತೆ ಜಾಝ್ ಬೇಕಂತೆ, ಕೀಬೋರ್ಡ್ ಕೇಳಿ ಜನಕ್ಕೆ ಸಾಕಾಗಿದೆಯಂತೆ. ಉಡುಪಿಯ ಹುಡುಗಿ ಆಗ ರಜೆಯಲ್ಲಿ ಬಂದಿದ್ದಳು, ಇಬ್ಬರೂ ಹೋದೆವು. ನಾನು ಸೀರೆಯಲ್ಲಿ, ಅವಳು ಜೀನ್ಸಿನಲ್ಲಿ. ಬಾಗಿಲಲ್ಲಿ ಹಾಕುವ ಬೋರ್ಡಿಗೆ ಹೆಸರು ಬರೆದುಕೊಳ್ಳಲು ಬಂದ ಮ್ಯಾನೇಜರ್, “ಇಬ್ಬರಲ್ಲಿ ಮುಖ್ಯ ಹಾಡುಗಾರ್ತಿ ಯಾರು?” ಎಂದು ಕೇಳಿದ.

ಅವಳು ನನ್ನ ಕಡೆ ನೋಡಿದಳು.

“ಅವಳ ಹೆಸರನ್ನು ದೊಡ್ಡದಾಗಿ ಬರೆಯಿರಿ,” ಎಂದೆ ನಾನು. “ನನ್ನ ಹೆಸರು ಈ ಊರಿಗೆ ಗೊತ್ತುಂಟು.”